ನೇರಳೆ ಬ್ಯಾಕ್ಟೀರಿಯಾದ ಬಣ್ಣ ಓದುವುದು ಹೇಗೆ? ಗೋವಾದ ಕೆಸರಿನಿಂದ ಸ್ಪೆಕ್ಟ್ರಮ್‌ವರೆಗೆ

ಗೋವಾದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಉಪ್ಪಿನ ಆಗರಗಳ ತಳದಲ್ಲಿ ಕೆಸರನ್ನು ಸ್ವಲ್ಪ ಕೆದಕಿ ನೋಡಿ. ಮೇಲೆ ಹಸಿರು ಪದರ, ಅದರ ಕೆಳಗೆ ತೆಳ್ಳಗೆ ನೇರಳೆ ಅಥವಾ ಗುಲಾಬಿ ಪದರ, ಅದಕ್ಕೂ ಕೆಳಗೆ ಕೊಳೆತ ಮೊಟ್ಟೆ ವಾಸನೆಯ ಕಪ್ಪು ಕೆಸರು ಸಿಗುವುದುಂಟು. ಆ ನಡುವಿನ ಪದರದಲ್ಲಿ ಇರುವುದು ನೇರಳೆ ಬ್ಯಾಕ್ಟೀರಿಯಾ. ಇವು ಗಿಡಗಳ ಹಾಗೆ ಬೆಳಕಿನಿಂದ ಬದುಕುತ್ತವೆ, ಆದರೆ ನೀರನ್ನು ಒಡೆಯುವುದಿಲ್ಲ, ಆಮ್ಲಜನಕ ಬಿಡುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಅಥವಾ ಸಾವಯವ ಆಮ್ಲಗಳಿಂದ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತವೆ.

ವಾಸ್ಕೋ, ಮಡಗಾಂವ್, ಮಾಪುಸಾ ಕಡೆ ಇರುವ ನಮ್ಮ ಕನ್ನಡದ ಮನೆಗಳ ಹುಡುಗ ಹುಡುಗಿಯರು ಈಗ ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಓದುತ್ತಿದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಏನು ಮಾಡೋಣ ಅಂತ ಕೇಳಿದಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ. ಮಾದರಿ ಬೇಕಾದರೆ ದೂರ ಹೋಗಬೇಕಿಲ್ಲ. ಉಪಕರಣ ಹೆಚ್ಚಿನ ಕಾಲೇಜುಗಳಲ್ಲಿ ಇದೆ. ಮತ್ತು ಒಂದೇ ಗ್ರಾಫಿನಲ್ಲಿ ಇಷ್ಟು ವಿಷಯ ಹೇಳುವ ಜೀವಿ ಇನ್ನೊಂದು ಸಿಗುವುದು ಕಷ್ಟ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪೆಕ್ಟ್ರಮ್, ಅಂದರೆ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಗ್ರಾಫ್, ಎರಡು ತೆಗೆಯಬೇಕು: ಒಂದು ಜೀವಂತ ಕೋಶಗಳದ್ದು, ಇನ್ನೊಂದು ದ್ರಾವಕದಲ್ಲಿ ಹಿಂಡಿ ತೆಗೆದ ಬಣ್ಣದ ವಸ್ತುವಿನದ್ದು, ಅಂದರೆ ಪಿಗ್ಮೆಂಟ್‌ದು. ಎಷ್ಟೋ ಜನ ನೇರವಾಗಿ ಅಸಿಟೋನ್ ಹಾಕಿ, ಒಂದು ಸಂಖ್ಯೆ ಬರೆದುಕೊಂಡು ಮುಗಿಸಿಬಿಡುತ್ತಾರೆ. ಎಷ್ಟು ಪಿಗ್ಮೆಂಟ್ ಇದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆದರೆ ಕೋಶದೊಳಗೆ ಅದು ಹೇಗೆ ಕೂತಿತ್ತು ಅನ್ನುವ ಮಾಹಿತಿ ಅಸಿಟೋನ್ ಬಿದ್ದ ಕ್ಷಣವೇ ಹೋಗಿಬಿಡುತ್ತದೆ. ಅದೇ ಅಲ್ವಾ ಇಲ್ಲಿನ ನಿಜವಾದ ವಿಷಯ?

ಮೊದಲು, ಕಣ್ಣನ್ನು ನಂಬಬೇಡಿ

ನೇರಳೆ ಅಂತ ನಮಗೆ ಕಾಣುವ ಬಣ್ಣ ಬಹುಪಾಲು ಕ್ಯಾರೊಟಿನಾಯ್ಡ್‌ಗಳದ್ದು. ಅವು 450ರಿಂದ 550 ನ್ಯಾನೋಮೀಟರ್ ನಡುವೆ ಬೆಳಕು ಹೀರುತ್ತವೆ (ಇದು ಬೆಳಕಿನ ಅಲೆಯುದ್ದದ ಅಳತೆ, ಮುಂದೆ ಬರೀ ಸಂಖ್ಯೆ ಬರೆದಿರುತ್ತೇನೆ). ಮುಖ್ಯ ಪಿಗ್ಮೆಂಟ್ ಆದ ಬ್ಯಾಕ್ಟೀರಿಯೋಕ್ಲೋರೋಫಿಲ್-ಎ ಅತಿ ಹೆಚ್ಚು ಹೀರುವುದು 800ರಿಂದ 900ರ ನಡುವೆ. ಅದು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಭಾಗ.

1883ರಲ್ಲಿ ಜರ್ಮನಿಯ ಎಂಗೆಲ್‌ಮನ್ ಇದನ್ನು ಬಹಳ ಸೊಗಸಾಗಿ ತೋರಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಬೆಳಕನ್ನು ಬಿಡಿಸಿ ಸ್ಪೆಕ್ಟ್ರಮ್ ಹಾಯಿಸಿದಾಗ ಈಜಾಡುತ್ತಿದ್ದ ನೇರಳೆ ಬ್ಯಾಕ್ಟೀರಿಯಾಗಳು ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲೂ ಗುಂಪು ಸೇರಿದವು. ನಾವು ಯಂತ್ರದಲ್ಲಿ ಮಾಡುವ ಕೆಲಸವನ್ನು ಅವರು ಬ್ಯಾಕ್ಟೀರಿಯಾಗಳಿಂದಲೇ ಮಾಡಿಸಿದರು.

ಹಾಗಾಗಿ ನಿಮ್ಮ ಸ್ಪೆಕ್ಟ್ರೋಫೋಟೋಮೀಟರ್ (ಬೆಳಕು ಹೀರುವುದನ್ನು ಅಳೆಯುವ ಯಂತ್ರ) ಎಲ್ಲಿಯವರೆಗೆ ಓದುತ್ತದೆ ಅಂತ ಮೊದಲೇ ನೋಡಿಕೊಳ್ಳಿ. 800ಕ್ಕೆ ನಿಲ್ಲುವ ಯಂತ್ರದಲ್ಲಿ ಜೀವಂತ ಕೋಶಗಳ ಕೆಲಸ ಆಗುವುದಿಲ್ಲ. 1100ರವರೆಗೆ ಹೋಗುವ ಸಾಮಾನ್ಯ ಯುವಿ-ವಿಸಿಬಲ್ ಯಂತ್ರ ಸಾಕು. 1000 ದಾಟಿದ ಮೇಲೆ ಸಿಲಿಕಾನ್ ಡಿಟೆಕ್ಟರ್ ಮಂಕಾಗುತ್ತದೆ, ಗ್ರಾಫ್ ನಡುಗುತ್ತದೆ. ಅಲ್ಲಿ ಕಾಣುವ ಸಣ್ಣಪುಟ್ಟ ಏರಿಳಿತಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಮಾದರಿ ತರುವುದು

ಪಣಜಿಯಿಂದ ರಿಬಂದರ್‌ಗೆ ಹೋಗುವ ದಾರಿಯಲ್ಲಿ ಉಪ್ಪಿನ ಆಗರಗಳು ಕಾಣುತ್ತವೆ. ಪೆರ್ನೆಂ ತಾಲೂಕಿನ ಅಗರವಾಡೋ ಕಡೆಯೂ ಇವೆ. ಉಪ್ಪಿನ ಕೆಲಸ ಮಳೆ ನಿಂತ ಮೇಲೆ ಶುರುವಾಗಿ ಮೇ ಒಳಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಆಗರಗಳು ಸಿಹಿನೀರಿನಲ್ಲಿ ಮುಳುಗಿರುತ್ತವೆ, ಆಗ ಹೋಗಿ ಪ್ರಯೋಜನವಿಲ್ಲ. ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ಕಾಂಡ್ಲಾ ಕೆಸರು ಬೇಕಿದ್ದರೆ ಇಳಿತದ ಹೊತ್ತು ನೋಡಿಕೊಂಡು ಹೋಗಿ.

ಆಗರಗಳಿಗೆ ಒಡೆಯರಿದ್ದಾರೆ, ಕೇಳಿ ಇಳಿಯಿರಿ. ಕೆಲಸ ಮಾಡುವವರಲ್ಲಿ ಯಾರಾದರೂ ನಮ್ಮ ಕಡೆಯವರು ಸಿಕ್ಕರೆ ಇನ್ನೂ ಒಳ್ಳೇದು. ‘ಯಣ್ಣಾ, ಯಾವ ಕಡೆ ಕೆಸರು ಕೆಂಪಗೈತಿ?’ ಅಂತ ಕೇಳಿದರೆ ಸಾಕು, ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ದಿನಾ ಆ ಕೆಸರು ತುಳಿಯುವವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮದೊಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚಮಚ ಕೆಸರನ್ನೂ ಎತ್ತಬೇಡಿ.

ತಂದ ಕೆಸರನ್ನು ಬಾಟಲಿಯ ಬಾಯಿವರೆಗೆ ಅಲ್ಲಿನದೇ ನೀರು ತುಂಬಿ ಮುಚ್ಚಿ. ಗಾಳಿ ಉಳಿಯಬಾರದು. ಜಾಗ, ದಿನ, ನೀರಿನ ಉಪ್ಪಿನಂಶ ಬರೆದಿಡಿ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ. ಆಗರದ ಗಟ್ಟಿ ಉಪ್ಪುನೀರು ಗುಲಾಬಿಯಾಗಿದ್ದರೆ ಅದು ನೇರಳೆ ಬ್ಯಾಕ್ಟೀರಿಯಾ ಆಗಿರಲೇಬೇಕು ಅಂತಿಲ್ಲ. ಹೆಚ್ಚಾಗಿ ಅದು ಉಪ್ಪುಪ್ರಿಯ ಆರ್ಕಿಯಾಗಳದ್ದು (ಬ್ಯಾಕ್ಟೀರಿಯಾದ ಹಾಗೆ ಕಾಣುವ, ಆದರೆ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು). ಅವುಗಳ ಬ್ಯಾಕ್ಟೀರಿಯೋರೂಬೆರಿನ್ ಎಂಬ ಪಿಗ್ಮೆಂಟ್ ದ್ರಾವಕದಲ್ಲಿ 470, 500, 530ರ ಸುತ್ತ ಪೀಕ್ (ಗ್ರಾಫಿನ ಶಿಖರ) ಕೊಡುತ್ತದೆ, ನೇರಳೆ ಬ್ಯಾಕ್ಟೀರಿಯಾದ ಪೀಕ್ ಬರುವ 770ರ ಕಡೆ ಏನೂ ಇರುವುದಿಲ್ಲ. ಕಿತ್ತಳೆ ಬಣ್ಣವಾದರೆ ಡುನಾಲಿಯೆಲ್ಲ ಎಂಬ ಪಾಚಿ ಇರಬಹುದು. ಅದರಲ್ಲಿ ಬೀಟಾ ಕ್ಯಾರೊಟಿನ್ ಜೊತೆಗೆ ಕ್ಲೋರೋಫಿಲ್-ಎ ಇರುವುದರಿಂದ ಅಸಿಟೋನ್‌ನಲ್ಲಿ 663ರ ಹತ್ತಿರ ಪೀಕ್ ಬರುತ್ತದೆ. ಮೂರನ್ನೂ ಬೇರೆ ಮಾಡಲು ಬಣ್ಣ ಸಾಲದು, ಸ್ಪೆಕ್ಟ್ರಮ್ ಬೇಕು. ಇದೊಂದನ್ನೇ ಹಿಡಿದುಕೊಂಡು ಒಂದು ಪೂರ್ತಿ ಪ್ರಾಜೆಕ್ಟ್ ಮಾಡಬಹುದು.

ಬೆಳೆಸುವುದು

ಸುಲಭದ ದಾರಿ ವಿನೊಗ್ರಾಡ್‌ಸ್ಕಿ ಕಂಬ. ಎತ್ತರದ ಗಾಜಿನ ಜಾಡಿಗೆ ಕೆಸರು, ಚೂರು ಮಾಡಿದ ಪೇಪರ್, ಒಂದು ಬೆಂದ ಮೊಟ್ಟೆಯ ಹಳದಿ ಹಾಕಿ ಕಿಟಕಿ ಹತ್ತಿರ ಇಡಿ. ಕೆಲವು ವಾರಗಳಲ್ಲಿ ಪದರಗಳು ಕಾಣತೊಡಗುತ್ತವೆ. ಇದರಿಂದ ಬರುವ ಹೈಡ್ರೋಜನ್ ಸಲ್ಫೈಡ್ ವಿಷದ ಗಾಳಿ, ಮುಚ್ಚಿದ ಕೋಣೆ ಬೇಡ.

ಬೇಗ ಬೇಕಾದರೆ ಗಂಧಕ ಬೇಡದ ನೇರಳೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿ. ಸಕ್ಸಿನೇಟ್ ಅಥವಾ ಮ್ಯಾಲೇಟ್, ಅಮೋನಿಯಂ ಕ್ಲೋರೈಡ್, ಫಾಸ್ಫೇಟ್, ಸ್ವಲ್ಪ ಮೆಗ್ನೀಸಿಯಂ, ಕ್ಯಾಲ್ಸಿಯಂ, ಚಿಟಿಕೆ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಇರುವ ಮೀಡಿಯಂ (ಬೆಳೆಸುವ ಪೋಷಕ ದ್ರವ) ಸಾಕು. ಸಮುದ್ರದ ಮಾದರಿಗೆ ಸುಮಾರು 3% ಉಪ್ಪು ಸೇರಿಸಿ. ಬಾಟಲಿ ಪೂರ್ತಿ ತುಂಬಿ, ಬಿಗಿಯಾಗಿ ಮುಚ್ಚಿ, 30 ಡಿಗ್ರಿ ಆಸುಪಾಸಿನಲ್ಲಿ ಬೆಳಕಿಗಿಡಿ.

ಯಾವ ಬೆಳಕು ಅನ್ನುವುದು ಬಹಳ ಮುಖ್ಯ. ಈಗ ಎಲ್ಲ ಕಡೆ ಬಿಳಿ ಎಲ್‌ಇಡಿ. ಅದರಲ್ಲಿ 750 ದಾಟಿದ ಬೆಳಕು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ನಮ್ಮ ಕಣ್ಣಿಗೆ ಝಗಮಗ ಅನ್ನಿಸಿದರೂ ಈ ಬ್ಯಾಕ್ಟೀರಿಯಾಗಳ ಮುಖ್ಯ ಪಿಗ್ಮೆಂಟ್‌ಗೆ ಅದು ಬರೀ ಮಬ್ಬು. ಹಳೆಯ ತಂತಿಯ ಬಲ್ಬ್, 40 ಅಥವಾ 60 ವ್ಯಾಟ್‌ದು, ಎಲ್ಲಿಂದಾದರೂ ಹುಡುಕಿ ತನ್ನಿ. ಅದರ ಬೆಳಕಿನ ಬಹುಪಾಲು ಅವಗೆಂಪಿನಲ್ಲೇ ಇರುತ್ತದೆ. ಬಾಟಲಿ ಬಿಸಿಯಾಗದಷ್ಟು ದೂರ ಇಟ್ಟರೆ ಆಯಿತು. ಪಾಚಿ ಬರಬಾರದು ಅಂದರೆ 850 ನ್ಯಾನೋಮೀಟರ್‌ನ ಅವಗೆಂಪು ಎಲ್‌ಇಡಿ ಇನ್ನೂ ಚೆನ್ನ: ಪಾಚಿಗೆ ಅದು ಕತ್ತಲೆ, ಇವಕ್ಕೆ ಊಟ.

ಶುದ್ಧ ತಳಿಯೇ ಬೇಕಿದ್ದರೆ ಪುಣೆಯ ಎನ್‌ಸಿಎಲ್‌ನಲ್ಲಿರುವ ಎನ್‌ಸಿಐಎಂ ಅಥವಾ ಚಂಡೀಗಢದ ಎಂಟಿಸಿಸಿ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಕಾಲೇಜಿನ ಮೂಲಕ ವಿಚಾರಿಸಿ. ಹೋಲಿಸಿ ನೋಡಲು ಒಂದು ಗೊತ್ತಿರುವ ತಳಿ ಕೈಲಿದ್ದರೆ ಧೈರ್ಯ.

ಜೀವಂತ ಕೋಶಗಳ ಸ್ಪೆಕ್ಟ್ರಮ್

ಯಂತ್ರ ಹಾಕಿ ಅರ್ಧ ಗಂಟೆ ಬಿಡಿ, ದೀಪ ಸ್ಥಿರವಾಗಲಿ. 350ರಿಂದ 1000ದವರೆಗೆ, ಒಂದೊಂದು ನ್ಯಾನೋಮೀಟರ್‌ಗೆ ಓದುವ ಹಾಗೆ ಇಡಿ. ಬ್ಯಾಂಡ್‌ವಿಡ್ತ್ 2ಕ್ಕಿಂತ ಜಾಸ್ತಿ ಬೇಡ.

ಕೋಶಗಳನ್ನು ಹಾಗೇ ಇಟ್ಟರೆ ಅವು ಬೆಳಕನ್ನು ಚದುರಿಸುತ್ತವೆ. ಯಂತ್ರಕ್ಕೆ ಹೀರಿದ ಬೆಳಕೂ ಒಂದೇ, ಬೇರೆ ದಿಕ್ಕಿಗೆ ಹೋದ ಬೆಳಕೂ ಒಂದೇ. ಗ್ರಾಫ್ ನೀಲಿ ಕಡೆಗೆ ಗುಡ್ಡ ಹತ್ತಿದ ಹಾಗೆ ಏರುತ್ತದೆ, ಪೀಕ್‌ಗಳು ಅದರ ಮೇಲೆ ಸಣ್ಣ ಉಬ್ಬುಗಳಾಗಿ ಉಳಿಯುತ್ತವೆ. ಇದಕ್ಕೆ ಹಳೆಯ, ಅಗ್ಗದ, ಒಳ್ಳೆಯ ಉಪಾಯ ಸಕ್ಕರೆ. 3.5 ಮಿಲಿ ಕಲ್ಚರ್‌ಗೆ (ಬೆಳೆಸಿದ ಬ್ಯಾಕ್ಟೀರಿಯಾ ಇರುವ ದ್ರವ) 5 ಗ್ರಾಂ ಸುಕ್ರೋಸ್, ಅಂದರೆ ಸಕ್ಕರೆ, ಹಾಕಿ ನಿಧಾನವಾಗಿ ಕರಗಿಸಿ. ದಪ್ಪ ಪಾಕದ ವಕ್ರೀಭವನ ಕೋಶದ ಒಳಗಿನದಕ್ಕೆ ಹತ್ತಿರ ಬರುವುದರಿಂದ ಚದುರುವಿಕೆ ಬಹಳ ಕಡಿಮೆಯಾಗುತ್ತದೆ. ಅಳತೆ ಹೆಚ್ಚುವುದರಿಂದ ಮಾದರಿ ಸುಮಾರು ಅರ್ಧಕ್ಕೆ ತೆಳುವಾಗುತ್ತದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ. ಬ್ಲ್ಯಾಂಕ್‌ಗೆ (ಹೋಲಿಕೆಗೆ ಇಡುವ, ಕೋಶಗಳಿಲ್ಲದ ಮಾದರಿ) ಇದೇ ಅಳತೆಯಲ್ಲಿ ಬರೀ ಮೀಡಿಯಂ ಮತ್ತು ಸುಕ್ರೋಸ್. ಜೋರಾಗಿ ಕುಲುಕಬೇಡಿ. ಗುಳ್ಳೆ ಬಂದರೆ ಅವು ಮೇಲೆ ಹೋಗುವವರೆಗೆ ಕಾಯಿರಿ.

ಪೀಕ್‌ನ ಎತ್ತರ 0.3ರಿಂದ 0.8ರ ನಡುವೆ ಇದ್ದರೆ ಒಳ್ಳೆಯದು. 1.5 ದಾಟಿದರೆ ತೆಳು ಮಾಡಿ. 340-360ರ ಸುತ್ತ ಸಣ್ಣ ಮೆಟ್ಟಿಲಿನಂಥದ್ದು ಕಂಡರೆ ಅದು ಯಂತ್ರ ಒಂದು ದೀಪದಿಂದ ಇನ್ನೊಂದಕ್ಕೆ ಬದಲಾಯಿಸಿದ ಗುರುತು ಇರಬಹುದು, ಪಿಗ್ಮೆಂಟ್ ಅಂತ ಬರೆಯಬೇಡಿ.

ಈಗ ಗ್ರಾಫ್ ಓದೋಣ, ಬಲದಿಂದ ಎಡಕ್ಕೆ.

800 ಮತ್ತು 850ರಲ್ಲಿ ಎರಡು ಎತ್ತರದ ಪೀಕ್, 875ರ ಕಡೆ ಒಂದು ಭುಜ ಇದ್ದರೆ ಅದು ರೋಡೋಬ್ಯಾಕ್ಟರ್ ಥರದ್ದು. 800-850 ಜೋಡಿ ಎಲ್‌ಎಚ್-2 ಎಂಬ ಬೆಳಕು ಕೊಯ್ಯುವ ಪ್ರೋಟೀನ್‌ದು, 875 ಎಲ್‌ಎಚ್-1ದು. 880ರಲ್ಲಿ ಒಂದೇ ದೊಡ್ಡ ಪೀಕ್, 800ರಲ್ಲಿ ಪುಟ್ಟದೊಂದು ಇದ್ದರೆ ರೋಡೋಸ್ಪಿರಿಲಮ್ ರೂಬ್ರಮ್‌ನಂಥದ್ದು. ಅದಕ್ಕೆ ಎಲ್‌ಎಚ್-2 ಇಲ್ಲ. ಪುಟ್ಟ ಪೀಕ್ ರಿಯಾಕ್ಷನ್ ಸೆಂಟರ್‌ದು, ಅಂದರೆ ಹೀರಿದ ಬೆಳಕು ಕೊನೆಗೆ ಬಂದು ಸೇರಿ ಕೆಲಸಕ್ಕೆ ಬರುವ ಪ್ರೋಟೀನ್‌ದು. ಸ್ಕ್ಯಾನನ್ನು 1000 ದಾಟಿಸಿ ನೋಡಿದಾಗ 1020ರ ಹತ್ತಿರ ಸ್ಪಷ್ಟವಾದ ಪೀಕ್ ಇದ್ದರೆ ಅದು ಬ್ಯಾಕ್ಟೀರಿಯೋಕ್ಲೋರೋಫಿಲ್-ಬಿ, ಅಪರೂಪದ್ದು. 1988ರ ನೊಬೆಲ್ ತಂದುಕೊಟ್ಟ ರಿಯಾಕ್ಷನ್ ಸೆಂಟರ್ ರಚನೆ ಇಂಥದ್ದೇ ಒಂದು ಬ್ಯಾಕ್ಟೀರಿಯಾದಿಂದ ಬಂತು. 745-755ರಲ್ಲಿ ಅಗಲವಾದ ಪೀಕ್ ಇದ್ದರೆ ಹಸಿರು ಗಂಧಕ ಬ್ಯಾಕ್ಟೀರಿಯಾ ಸೇರಿಕೊಂಡಿದೆ. 675-680 ಕಂಡರೆ ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾ. ಜೊತೆಗೆ 620-625 ಇದ್ದರೆ ಸಯನೋ ಅನ್ನುವುದು ಹೆಚ್ಚು ಕಡಿಮೆ ಖಚಿತ. 590ರಲ್ಲಿ ಪುಟ್ಟ ಉಬ್ಬು, 375ರಲ್ಲಿ ದೊಡ್ಡದು, ಎರಡೂ ಬ್ಯಾಕ್ಟೀರಿಯೋಕ್ಲೋರೋಫಿಲ್-ಎ ಕೊಡುವಂಥವೇ. ನಡುವೆ 450ರಿಂದ 550ರವರೆಗೆ ಮೂರು ಬೆರಳು ಎತ್ತಿದ ಹಾಗೆ ಕಾಣುವುದು ಕ್ಯಾರೊಟಿನಾಯ್ಡ್.

ಕೆಸರಿನಿಂದ ತಂದಂಥ ಮಿಶ್ರ ಮಾದರಿಯಲ್ಲಿ ಇವೆಲ್ಲ ಒಟ್ಟಿಗೆ ಬರುತ್ತವೆ. ಗಾಬರಿ ಬೇಡ. ಒಂದೊಂದನ್ನೇ ಗುರುತು ಹಾಕುತ್ತಾ ಹೋಗಿ.

ಪಿಗ್ಮೆಂಟ್ ಹಿಂಡಿ ತೆಗೆಯುವುದು

ಅಸಿಟೋನ್ 7 ಪಾಲು, ಮೆಥನಾಲ್ 2 ಪಾಲು ಬೆರೆಸಿಡಿ. ಎರಡೂ ಬೇಗ ಬೆಂಕಿ ಹಿಡಿಯುತ್ತವೆ. ಮೆಥನಾಲ್ ಕುಡಿದರೂ, ಉಸಿರಿಗೆ ಹೋದರೂ, ಚರ್ಮಕ್ಕೆ ಹತ್ತಿದರೂ ವಿಷ. ಫ್ಯೂಮ್ ಹುಡ್‌ನಲ್ಲೇ ಕೆಲಸ ಮಾಡಿ. ತೆಳು ನೈಟ್ರೈಲ್ ಗ್ಲೌಸ್‌ನೊಳಗೆ ಅಸಿಟೋನ್ ಬೇಗ ಇಳಿಯುತ್ತದೆ, ಚೆಲ್ಲಿದರೆ ತಕ್ಷಣ ಬದಲಾಯಿಸಿ.

ಅಳೆದ ಕಲ್ಚರ್, ಉದಾಹರಣೆಗೆ 2 ಮಿಲಿ, ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ತಿರುಗಿಸಿ ಕೋಶಗಳನ್ನು ತಳಕ್ಕೆ ಕೂರಿಸಿ). ಮೇಲಿನ ನೀರನ್ನು ಪೂರ್ತಿ ತೆಗೆಯಿರಿ. ನೀರು ಉಳಿದರೆ ಪಿಗ್ಮೆಂಟ್ ಸರಿಯಾಗಿ ಬಿಡುವುದಿಲ್ಲ. 1 ಮಿಲಿ ದ್ರಾವಕ ಹಾಕಿ ಚೆನ್ನಾಗಿ ಕಲಕಿ, ಕತ್ತಲಲ್ಲಿ, ತಣ್ಣಗೆ 15-20 ನಿಮಿಷ ಇಡಿ. ಮತ್ತೆ ಸೆಂಟ್ರಿಫ್ಯೂಜ್. ಮೇಲಿನ ತಿಳಿಯಲ್ಲಿ ಪಿಗ್ಮೆಂಟ್ ಇರುತ್ತದೆ. ತಳದ ಗಷ್ಟು ಇನ್ನೂ ಬಣ್ಣದ್ದಾಗಿದ್ದರೆ ಇನ್ನೊಮ್ಮೆ ಮಾಡಿ, ಎರಡನ್ನೂ ಸೇರಿಸಿ, ಒಟ್ಟು ಅಳತೆ ಬರೆದಿಡಿ. ಆಗರದ ಮಾದರಿಯಲ್ಲಿ ದ್ರಾವಕ ಹಾಕಿದ ಕೂಡಲೇ ಬಿಳಿ ಬರಬಹುದು. ಅದು ಉಪ್ಪು, ಅಸಿಟೋನ್‌ನಲ್ಲಿ ಕರಗುವುದಿಲ್ಲ. ಸೆಂಟ್ರಿಫ್ಯೂಜ್‌ನಲ್ಲಿ ಕೆಳಗೆ ಕೂರುತ್ತದೆ.

ಕ್ಯುವೆಟ್ (ಯಂತ್ರದೊಳಗೆ ಮಾದರಿ ಇಡುವ ಪುಟ್ಟ ಪಾತ್ರೆ) ಗಾಜಿನದ್ದೇ ಇರಲಿ. ಬಿಸಾಡುವ ಪ್ಲಾಸ್ಟಿಕ್ ಕ್ಯುವೆಟ್‌ಗೆ ಅಸಿಟೋನ್ ಬಿದ್ದರೆ ಅದು ಮಬ್ಬಾಗಿ ಕರಗತೊಡಗುತ್ತದೆ.

ಗೋವಾದಲ್ಲಿ ಇನ್ನೊಂದು ಕಾಟ ತೇವ. ಐಸ್ ಮೇಲಿಂದ ತೆಗೆದ ಮಾದರಿಯನ್ನು ಹಾಗೇ ಯಂತ್ರದೊಳಗೆ ಇಟ್ಟರೆ ಕ್ಯುವೆಟ್ ಹೊರಗೆ ಮಂಜು ಕೂರುತ್ತದೆ, ಇಡೀ ಗ್ರಾಫ್ ಮೇಲಕ್ಕೆ ಏಳುತ್ತದೆ. ಮುಚ್ಚಿಟ್ಟು ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ, ಒರೆಸಿ, ಆಮೇಲೆ ಓದಿ. ಮಳೆಗಾಲದಲ್ಲಿ ಯಂತ್ರದೊಳಗೆ ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸುತ್ತಾ ಇರಿ. ಕನ್ನಡಿಗಳಿಗೆ ಬೂಷ್ಟು ಹಿಡಿದರೆ ಸರಿ ಮಾಡಿಸುವುದು ದುಬಾರಿ.

ಬರೀ ದ್ರಾವಕವನ್ನು ಬ್ಲ್ಯಾಂಕ್ ಮಾಡಿ ಸ್ಕ್ಯಾನ್ ಮಾಡಿ. 800, 850, 875 ಎಲ್ಲ ಮಾಯ! ಅವುಗಳ ಜಾಗದಲ್ಲಿ 770ರಲ್ಲಿ ಒಂದೇ ಪೀಕ್. ಈ ಎರಡು ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಅಣು ಬದಲಾಗಿಲ್ಲ, ಅದೇ ಬ್ಯಾಕ್ಟೀರಿಯೋಕ್ಲೋರೋಫಿಲ್-ಎ. ಬದಲಾಗಿದ್ದು ಅದರ ಅಕ್ಕಪಕ್ಕ. 1995ರಲ್ಲಿ ಒಂದು ನೇರಳೆ ಬ್ಯಾಕ್ಟೀರಿಯಾದ ಎಲ್‌ಎಚ್-2 ರಚನೆ ಹೊರಬಂದಾಗ ಕಾರಣ ಕಣ್ಣಿಗೆ ಕಂಡಿತು. ಪ್ರೋಟೀನ್ ಉಂಗುರದಲ್ಲಿ 27 ಬ್ಯಾಕ್ಟೀರಿಯೋಕ್ಲೋರೋಫಿಲ್‌ಗಳು. 9 ದೂರ ದೂರ ಕೂತಿವೆ, ಅವು 800. 18 ಒತ್ತೊತ್ತಾಗಿ ಸುತ್ತ ನಿಂತಿವೆ. ಒಂದರ ಎಲೆಕ್ಟ್ರಾನ್ ಸ್ಥಿತಿ ಪಕ್ಕದ್ದರ ಜೊತೆ ಬೆಸೆದುಕೊಂಡು ಶಕ್ತಿ ಕೆಳಗಿಳಿಯುತ್ತದೆ, ಅವು 850. ಹೀಗೆ 800 ಹೀರಿದ ಶಕ್ತಿ 850ಕ್ಕೆ, ಅಲ್ಲಿಂದ ಎಲ್‌ಎಚ್-1ರ 875ಕ್ಕೆ, ಕೊನೆಗೆ ರಿಯಾಕ್ಷನ್ ಸೆಂಟರ್‌ಗೆ ಇಳಿಯುತ್ತಾ ಹೋಗುತ್ತದೆ. ಕಾಲೇಜಿನ ಯಂತ್ರದಲ್ಲಿ ತೆಗೆದ ಎರಡು ಗ್ರಾಫ್ ಇದಕ್ಕೆ ಸಾಕ್ಷಿ ಕೊಡುತ್ತವೆ. ನನಗೆ ಈ ಕೆಲಸದಲ್ಲಿ ಇದಕ್ಕಿಂತ ಇಷ್ಟವಾದ ಭಾಗ ಬೇರೆ ಇಲ್ಲ.

ಲೆಕ್ಕ ಸುಲಭ. ಈ ದ್ರಾವಕದಲ್ಲಿ 770ಕ್ಕೆ ಎಕ್ಸ್‌ಟಿಂಕ್ಷನ್ ಗುಣಾಂಕ ಪ್ರತಿ ಮಿಲಿಮೋಲಾರ್‌ಗೆ, ಪ್ರತಿ ಸೆಂಟಿಮೀಟರ್‌ಗೆ 76 (ಅಷ್ಟು ಪಿಗ್ಮೆಂಟ್ ಅಷ್ಟು ದಪ್ಪದಲ್ಲಿ ಎಷ್ಟು ಹೀರುತ್ತದೆ ಅನ್ನುವ ಸಂಖ್ಯೆ). 770ರ ಓದಿನಿಂದ 900ರ ಓದನ್ನು ಕಳೆಯಿರಿ. 900ರಲ್ಲಿ ಪಿಗ್ಮೆಂಟ್ ಹೀರುವುದಿಲ್ಲ, ಅಲ್ಲಿ ಉಳಿದದ್ದು ಮಬ್ಬು. 0.38 ಬಂತು ಅಂತಿಟ್ಟುಕೊಳ್ಳಿ. 0.38ನ್ನು 76ರಿಂದ ಭಾಗಿಸಿದರೆ 0.005 ಮಿಲಿಮೋಲಾರ್, ಅಂದರೆ 5 ಮೈಕ್ರೋಮೋಲಾರ್. ಅಣುತೂಕ ಸುಮಾರು 911, ಹಾಗಾಗಿ ಮಿಲಿಗೆ ಸುಮಾರು 4.6 ಮೈಕ್ರೋಗ್ರಾಂ. 2 ಮಿಲಿ ಕಲ್ಚರ್‌ನಿಂದ 1 ಮಿಲಿ ಸಾರ ತೆಗೆದದ್ದಾದರೆ ಕಲ್ಚರ್‌ನಲ್ಲಿ ಇದರ ಅರ್ಧ, 2.3.

ಸಾರವನ್ನು ಬೆಳಕಿನಲ್ಲಿ ಬಿಡಬೇಡಿ, ಅದೇ ದಿನ ಓದಿ. ಆಮ್ಲ ತಗುಲಿದರೆ ಮೆಗ್ನೀಸಿಯಂ ಕಳಚಿ ಬ್ಯಾಕ್ಟೀರಿಯೋಫಿಯೋಫೈಟಿನ್ ಆಗುತ್ತದೆ. ಪೀಕ್ 750ರ ಕಡೆ ಸರಿದು, 525ರಲ್ಲಿ ಹೊಸದೊಂದು ಬರುತ್ತದೆ. ಗಾಳಿ-ಬೆಳಕಿಗೆ ಆಕ್ಸಿಡೈಸ್ ಆದರೆ 680ರ ಹತ್ತಿರ ಪೀಕ್ ಬೆಳೆಯುತ್ತದೆ. ಆದ್ದರಿಂದ ಸಾರದಲ್ಲಿ 680 ಕಂಡ ಕೂಡಲೇ ಪಾಚಿ ಅನ್ನಬೇಡಿ. ಜೀವಂತ ಕೋಶಗಳ ಗ್ರಾಫ್‌ನಲ್ಲಿ 675-680 ಇತ್ತಾ ನೋಡಿ. ಅಲ್ಲಿ ಇಲ್ಲದಿದ್ದರೆ ಕೆಟ್ಟದ್ದು ನಿಮ್ಮ ಟ್ಯೂಬಿನಲ್ಲಿ.

ಉಳಿದ ದ್ರಾವಕವನ್ನು ಸಿಂಕ್‌ಗೆ ಸುರಿಯಬೇಡಿ, ಲ್ಯಾಬಿನ ತ್ಯಾಜ್ಯದ ಬಾಟಲಿಗೆ ಹಾಕಿ.

ಯಂತ್ರವೇ ಇಲ್ಲದಿದ್ದರೆ

ಪಿಯು ಮಟ್ಟದಲ್ಲೂ ಒಂದು ಒಳ್ಳೆಯ ಪ್ರದರ್ಶನ ಮಾಡಬಹುದು. ಹಳೆಯ ವೆಬ್‌ಕ್ಯಾಮ್‌ನ ಒಳಗಿರುವ ಅವಗೆಂಪು ತಡೆಯುವ ಪುಟ್ಟ ಗಾಜನ್ನು ತೆಗೆದರೆ ಅದರ ಸಿಲಿಕಾನ್ ಚಿಪ್ 850ನ್ನು ನೋಡಬಲ್ಲದು. ಸಿ.ಡಿ.ಯ ಲೋಹದ ಪದರವನ್ನು ಟೇಪ್ ಅಂಟಿಸಿ ಕಿತ್ತು, ಚೂರೊಂದನ್ನು ಗ್ರೇಟಿಂಗ್ ಆಗಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗೆರೆಗಳ ಹಾಳೆಯಾಗಿ ಬಳಸಿ. ಡಿ.ವಿ.ಡಿ. ಬೇಡ. ಅದರ ಗೆರೆಗಳ ಅಂತರ 740 ನ್ಯಾನೋಮೀಟರ್, ನೇರ ಬೀಳುವ ಬೆಳಕಿನಲ್ಲಿ 850 ಹೊರಗೇ ಬರುವುದಿಲ್ಲ. ಸಿ.ಡಿ.ಯದು 1600, ಸಾಕಷ್ಟಾಯಿತು. ಒಂದು ತೊಡಕಿದೆ: ಗ್ರೇಟಿಂಗ್ ಒಂದಕ್ಕಿಂತ ಹೆಚ್ಚು ಸ್ಪೆಕ್ಟ್ರಮ್ ಬಿಡಿಸುತ್ತದೆ, ಎರಡನೆಯದರ 425ರ ನೀಲಿ ಸರಿಯಾಗಿ 850ರ ಜಾಗಕ್ಕೇ ಬಂದು ಬೀಳುತ್ತದೆ. ಕೆಂಪು ಗಾಜುಕಾಗದ ಅಡ್ಡ ಇಟ್ಟರೆ ನೀಲಿ ನಿಲ್ಲುತ್ತದೆ, ಅವಗೆಂಪು ಹಾಯುತ್ತದೆ. ತಂತಿ ಬಲ್ಬಿನ ಬೆಳಕನ್ನು ಕಲ್ಚರ್ ಬಾಟಲಿಯ ಮೂಲಕ ಹಾಯಿಸಿ, ಬರೀ ಮೀಡಿಯಂ ಬಾಟಲಿಯ ಜೊತೆ ಹೋಲಿಸಿ. ಕೆಂಪಿನ ಆಚೆ ಕಪ್ಪು ಪಟ್ಟೆ ಕಾಣುತ್ತದೆ. ಸಂಖ್ಯೆ ಸಿಗುವುದಿಲ್ಲ, ಆದರೆ ನೋಡಿದವರು ಮರೆಯುವುದಿಲ್ಲ.

ಇಲ್ಲಿಂದ ಮುಂದೆ

ರಾಮನ್ ಸ್ಪೆಕ್ಟ್ರೋಮೀಟರ್ (ಲೇಸರ್ ಬಿದ್ದಾಗ ಅಣುಗಳಿಂದ ಬಣ್ಣ ಬದಲಿಸಿ ಚದುರುವ ಬೆಳಕನ್ನು ಅಳೆಯುವ ಯಂತ್ರ) ಸಿಗುವ ಕಡೆ ಪರಿಚಯ ಇದ್ದರೆ 532 ನ್ಯಾನೋಮೀಟರ್‌ನ ಹಸಿರು ಲೇಸರ್‌ನಿಂದ ನೋಡಿಸಿ. ಕ್ಯಾರೊಟಿನಾಯ್ಡ್ ಆ ಬಣ್ಣವನ್ನು ತಾನೇ ಹೀರುವುದರಿಂದ 1520, 1157, 1005ರ ಸುತ್ತಲಿನ ಗೆರೆಗಳು (ಇವು ನ್ಯಾನೋಮೀಟರ್ ಅಲ್ಲ, ಸೆಂ.ಮೀ.⁻¹ ಲೆಕ್ಕ) ಎದ್ದು ಬರುತ್ತವೆ. ಬೆಂಗಳೂರಲ್ಲಿ ಬಾಳಿದ ಸಿ.ವಿ. ರಾಮನ್ ಅವರ ಪರಿಣಾಮ ನಮ್ಮ ಆಗರದ ಕೆಸರಿನಲ್ಲಿ ಕೆಲಸಕ್ಕೆ ಬರುವುದು ನೋಡಲು ಖುಷಿ.

ಅದಿಲ್ಲದಿದ್ದರೂ ಪರವಾಗಿಲ್ಲ, ಎರಡು ಬಾಟಲಿಯ ಪ್ರಯೋಗ ಮಾಡಿ. ಒಂದೇ ರೋಡೋಬ್ಯಾಕ್ಟರ್ ಕಲ್ಚರ್, ಒಂದು ಬಾಟಲಿ ಬಲ್ಬಿಗೆ ಹತ್ತಿರ, ಇನ್ನೊಂದು ದೂರ. ಹತ್ತಿರದ್ದು ಬಿಸಿಯಾಗದಂತೆ ನಡುವೆ ನೀರು ತುಂಬಿದ ಗಾಜಿನ ಪೆಟ್ಟಿಗೆ ಇಡಿ. ಮಬ್ಬು ಬೆಳಕಿನಲ್ಲಿ ಬೆಳೆದವು ಎಲ್‌ಎಚ್-2 ಜಾಸ್ತಿ ಕಟ್ಟಿಕೊಳ್ಳುತ್ತವೆ, 875ರ ಎದುರು 850 ಎತ್ತರವಾಗುತ್ತದೆ. ಜೋರು ಬೆಳಕಿನವುಗಳಲ್ಲಿ 850 ತಗ್ಗುತ್ತದೆ. ಸ್ಪೆಕ್ಟ್ರಮ್ ತೆಗೆಯುವಾಗ ಎರಡೂ ಕಲ್ಚರ್ ಒಂದೇ ದಪ್ಪಕ್ಕೆ ಬಂದಾಗ, ಇನ್ನೂ ತೆಳುವಾಗಿರುವಾಗಲೇ ತೆಗೆಯಿರಿ. ಕಲ್ಚರ್ ದಪ್ಪವಾದರೆ ಮುಂದಿನ ಕೋಶಗಳು ಹಿಂದಿನವಕ್ಕೆ ನೆರಳು ಮಾಡುತ್ತವೆ. ಆಗ ಹತ್ತಿರದ ಬಾಟಲಿಯೂ ಒಳಗೊಳಗೆ ದೂರದ ಬಾಟಲಿಯ ಹಾಗೇ ಆಗಿಬಿಡುತ್ತದೆ, ಎರಡು ಗ್ರಾಫ್‌ಗಳ ನಡುವೆ ವ್ಯತ್ಯಾಸ ಸಿಗುವುದಿಲ್ಲ.